ಏಣಿಯ ಮೇಲಿನ ಬೆನ್ನು

ಸಂಕಪ್ಪಣ್ಣ ತೀರಿಹೋದ ಸುದ್ದಿ ಬಂಟ್ವಾಳದಿಂದ ಮೂಡುಬಿದಿರೆಗೆ ಬಂದಾಗ ದಯಾನಂದ ಪ್ರೆಸ್ಸಿನ ಬೀಗ ತೆಗೆಯುತ್ತಿದ್ದ. ರಾತ್ರಿ ಗಂಜಿ ಉಂಡು ಮಲಗಿದವರು ಬೆಳಗ್ಗೆ ಏಳಲಿಲ್ಲವಂತೆ. ದಯಾನಂದ ಬೀಗದ ಕೈ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

ಅವನಿಗೆ ಬೋರ್ಡು ಬರೆಯಲು ಕಲಿಸಿದ ಗುರು ಅವರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತ ಇವತ್ತು ಫ್ಲೆಕ್ಸು, ಬೋರ್ಡು, ಆಮಂತ್ರಣ ಪತ್ರಿಕೆ ಎಂದು ಬದುಕುವವರಲ್ಲಿ ಹೆಚ್ಚಿನವರು ಆ ಪುಣ್ಯಾತ್ಮರ ಕೈಯಲ್ಲಿ ಪಳಗಿದವರು. ಒಬ್ಬ ಶಿಷ್ಯನ ಕೈ ಕುದುರಿತೋ, ಅವನನ್ನು ಇನ್ನೂ ಒಳ್ಳೆಯ ಕಡೆಗೆ ಕಳಿಸಿ ಹೊಸಬನನ್ನು ಕರೆದುಕೊಳ್ಳುತ್ತಿದ್ದರು. ಶಿಷ್ಯರು ದುಬಾಯಿಯವರೆಗೂ ಹೋದರು. ಗುರುಗಳು ಕೊನೆಯ ತನಕ ರಿಕ್ಷಾಗಳ ಹಿಂದೆ 'ತಾಯಿಯ ಆಶೀರ್ವಾದ' ಬರೆಯುತ್ತ ಉಳಿದರು. ಅದನ್ನು ನೆನೆದಾಗಲೆಲ್ಲ ದಯಾನಂದನ ಕೈ ತಾನಾಗಿ ಮುಗಿಯುತ್ತಿತ್ತು. ಇಂಥ ನಿಸ್ವಾರ್ಥ ಮನುಷ್ಯರಲ್ಲಿ ಇರುತ್ತದೆಯೇ!

ಅಷ್ಟರಲ್ಲಿ ಯಜಮಾನರಾದ ಅಬ್ದುಲ್ ಹಕೀಂ ಸಾಹೇಬರ ಫೋನು ಬಂತು.

"ದಯಾನಂದ, ಗೊತ್ತಾಯ್ತಲ್ಲ? ಸಂಜೆ ಅವರ ಮನೆಯಂಗಳದಲ್ಲಿ ನುಡಿನಮನ ಉಂಟು. ಬ್ಯಾನರ್ ನಮ್ಮದು. ಆದ್ರೆ ಅದನ್ನು ಸಾತ್ವಿಕಾ ಮಾಡ್ಲಿ. ನೀನು ಮೌಸ್ ಮುಟ್ಟಬಾರ್ದು. ಅವಳಿಗೆ ಇದೇ ಪರೀಕ್ಷೆ ಅಂತ ತಿಳ್ಕೋ."

ಪರೀಕ್ಷೆ ನಿಜವಾಗಿ ದಯಾನಂದನದೇ. ಅವನು ಆ ಪ್ರೆಸ್ಸಿನ ಡಿಸೈನ್ ವಿಭಾಗದ ಮ್ಯಾನೇಜರ್. ಮನೆ ಬೆಳ್ತಂಗಡಿಯ ಪಕ್ಕದ ಗುರುವಾಯನಕೆರೆಯಲ್ಲಿ. ದಿನಾ ವೇಣೂರು ದಾರಿಯ ಬಸ್ಸಿನಲ್ಲಿ ಕುಲುಕಿ ಅವನ ಬೆನ್ನು ನುಗ್ಗಾಗಿತ್ತು. ಅವನು ಹೊರಡುವಾಗಲೂ ಮನೆ ಮುಟ್ಟುವಾಗಲೂ ಮಗಳು ವಿಸ್ಮಿತಾ ನಿದ್ದೆಯಲ್ಲಿರುತ್ತಿದ್ದಳು. ಆ ಮಗುವಿಗೆ ಅಪ್ಪನೆಂದರೆ ಭಾನುವಾರದ ಕೋಳಿಸಾರಿನ ಹಾಗೆ, ವಾರಕ್ಕೊಮ್ಮೆ. ಸಾಹೇಬರು ಬೆಳ್ತಂಗಡಿಯಲ್ಲಿ ಬ್ರಾಂಚ್ ತೆರೆಯುವವರಿದ್ದರು. "ನಿನ್ನ ಕುರ್ಚಿಯಲ್ಲಿ ಕೂರುವಷ್ಟು ಒಬ್ಬರನ್ನು ಬೆಳೆಸು, ಬೆಳ್ತಂಗಡಿಗೆ ನಿನ್ನನ್ನೇ ಕಳಿಸ್ತೇನೆ" ಎಂದಿದ್ದರು. ಅಂದಿನಿಂದ ದಯಾನಂದ ತನ್ನ ಕೈಕೆಳಗಿನ ಡಿಸೈನರ್ ಸಾತ್ವಿಕಾಳನ್ನು ಅಂಗಳದ ತುಳಸಿಗಿಂತ ಹೆಚ್ಚು ನಿಗಾ ಇಟ್ಟು ಬೆಳೆಸುತ್ತಿದ್ದ.

ಮೊದಲ ತೊಡಕು ಫೋಟೊದ್ದು. ಮನೆಯಲ್ಲಿದ್ದ ಫೋಟೊಗಳು ಹಿಂದಿನ ನೆರೆಯಲ್ಲಿ ನೇತ್ರಾವತಿಯ ಪಾಲಾಗಿದ್ದವು. ಉಳಿದದ್ದು ಆಧಾರ್ ಕಾರ್ಡಿನದು. ಅದರಲ್ಲಿ ಸಂಕಪ್ಪಣ್ಣ, ತೆಂಗಿನಕಾಯಿ ಕದ್ದು ಸಿಕ್ಕಿಬಿದ್ದವರ ಹಾಗೆ ಕಾಣುತ್ತಿದ್ದರು.

"ಇದಕ್ಕೆ ಸುತ್ತ ತಾವರೆ ಹಾಕುವ ಸರ್. ತಲೆಯ ಹಿಂದೆ ಒಂದು ಪ್ರಭೆ ಕೊಡುವ" ಎಂದ ಜಿತೇಶ್. ಅವನು ಇನ್ನೊಬ್ಬ ಡಿಸೈನರ್. ಕೋಳಿ ಅಂಗಡಿಯ ಬೋರ್ಡಿಗೂ ತಾವರೆ ಹಾಕಿದವನು.

ಅಷ್ಟರಲ್ಲಿ ಶಿಷ್ಯರ ಫೋಟೊಗಳು ವಾಟ್ಸಾಪಿನಲ್ಲಿ ಮಳೆಗಾಲದ ಹಾತೆಗಳಂತೆ ಮುತ್ತಿದವು. ಎಲ್ಲರಿಗೂ ಬ್ಯಾನರಿನ ಕೆಳಗೆ ತಮ್ಮ ಮುಖ ಬೇಕು. ಎಲ್ಲರೂ ಕಪ್ಪು ಕನ್ನಡಕದವರೇ.

ಕೊನೆಗೆ ಬಂಟ್ವಾಳದ ಹೋಟೆಲಿನ ವೆಂಕಪ್ಪ ಹಳೆಯದೊಂದು ಫೋಟೊ ಕಳಿಸಿದರು. ಅವರ ಹೋಟೆಲಿನ ಬೋರ್ಡು ಬರೆಯುತ್ತಿದ್ದ ದಿನ ತೆಗೆದದ್ದು. ಎತ್ತರದ ಏಣಿ, ಅದರ ತುದಿಯಲ್ಲಿ ಬಣ್ಣ ಮೆತ್ತಿದ ಚೌಕುಳಿ ಶರಟಿನ ಬೆನ್ನು, ಚಾಚಿದ ಕೈಯಲ್ಲಿ ಬ್ರಷ್ಷು. ಸಾತ್ವಿಕಾ ಅದನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದಳು. ಆಮೇಲೆ ಶಿಷ್ಯರ ಮುಖಗಳನ್ನೆಲ್ಲ ತೆಗೆದಳು. ಜಿತೇಶ್ ಹಾಕಿದ್ದ ತಾವರೆ ತೆಗೆದಳು. ಫೋಟೊದ ಕೆಳಗಿನ ಭಾಗ ಕತ್ತರಿಸಿದಳು. ಬರಿದಾದ ಬಿಳಿಯ ನಡುವೆ ಆ ಬೆನ್ನನ್ನು ಇಟ್ಟು, ಮೇಲೆ ಒಂದೇ ಸಾಲು ಬರೆದಳು: 'ಸಂಕಪ್ಪಣ್ಣ ಇನ್ನೂ ಎತ್ತರಕ್ಕೆ ಏರಿದರು.'

ದಯಾನಂದನ ಮೈ ಜುಮ್ಮೆಂದಿತು. ಮರುಕ್ಷಣವೇ ಹೆದರಿಕೆ ಹಿಡಿಯಿತು. ಮುಖವಿಲ್ಲದ ಶ್ರದ್ಧಾಂಜಲಿಯನ್ನು ಈ ಊರು ಎಲ್ಲಿಯಾದರೂ ಕಂಡಿದೆಯೇ?

ಪಕ್ಕದ ಟೈಲರ್ ಅಂಗಡಿಯ ಶಶಿಪ್ರಭಾ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಒಳಗೆ ಬಂದರು.

"ಎಂತ ಮಾರಾಯ್ತಿ ಇದು? ಅವರು ನಮಗೆ ಬೆನ್ನು ಹಾಕಿ ಹೋದದ್ದು ಸಾಕಾಗ್ಲಿಲ್ವಾ, ಬ್ಯಾನರಿನಲ್ಲೂ ಬೆನ್ನಾ? ದಯಾನಂದಣ್ಣ, ನೀವಾದ್ರೂ ಹೇಳ್ಬಾರ್ದಾ?"

ದಯಾನಂದ ಎರಡು ಅಂಗೈಗಳನ್ನೂ ತೊಡೆಯ ಕೆಳಗೆ ಒತ್ತಿ ಕುಳಿತಿದ್ದ. "ಅವಳ ಕೆಲಸ ಶಶಿಯಕ್ಕ. ಅವಳು ಬೆಳೀಬೇಕು."

"ಅವಳು ಬೆಳೆಯುವುದು ಇರ್ಲಿ. ನಿಮ್ಮ ಮುಖ ಯಾಕೆ ಹರಳೆಣ್ಣೆ ಕುಡಿದ ಹಾಗೆ ಉಂಟು?"

ಫ್ಲೆಕ್ಸ್ ಅರ್ಧ ಪ್ರಿಂಟಾದಾಗ ಕರೆಂಟು ಹೋಯಿತು. ಬೆನ್ನು ಬಂದಿತ್ತು, ತಲೆ ಬಂದಿರಲಿಲ್ಲ. ಮತ್ತೆ ಮೊದಲಿನಿಂದ ತೆಗೆಯುವಷ್ಟರಲ್ಲಿ ಹೊರಡುವ ಹೊತ್ತಾಯಿತು, ಶಾಯಿ ಆರಿರಲಿಲ್ಲ. ಮಡಚುವಂತಿಲ್ಲ. ದಯಾನಂದ ಪಿಕಪ್ಪಿನ ಹಿಂದೆ ನಿಂತು, ತೊಳೆದ ಮದುವೆ ಸೀರೆಯ ಹಾಗೆ ಬ್ಯಾನರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಸಿದ್ಧಕಟ್ಟೆಯಲ್ಲಿ ಜನ ಎದ್ದು ನಿಂತು ಕೈಮುಗಿದರು.

"ತೀರಿಹೋದದ್ದು ಯಾವ ಸಂಕಪ್ಪಣ್ಣ?" ಎಂದರು ಒಬ್ಬರು.

"ಮುಖ ಇಲ್ಲ ಮಾರಾಯ್ರೆ. ಬ್ಯಾನರಿನಲ್ಲೂ ಬೆನ್ನು, ಹಿಡಿದವನದ್ದೂ ಬೆನ್ನೇ ಕಾಣುವುದು. ಎರಡೂ ಒಂದೇ ನಮೂನೆ ಉಂಟು!" ಎಂದರು ಇನ್ನೊಬ್ಬರು.

ಅಂಗಳದಲ್ಲಿ ಬ್ಯಾನರ್ ಕಟ್ಟಿದಾಗ ಶಿಷ್ಯರು ಮೊದಲು ತಮ್ಮ ಮುಖಗಳನ್ನು ಹುಡುಕಿದರು. ಸಿಗಲಿಲ್ಲ. ಗುಸುಗುಸು ಎದ್ದಿತು. ದಯಾನಂದ ಜನರ ಹಿಂದೆ ಸರಿದು ನಿಂತ. ಆಮೇಲೆ ಒಬ್ಬೊಬ್ಬರಾಗಿ ಆ ಬೆನ್ನನ್ನು ನೋಡಿದರು. ಕಪ್ಪು ಕನ್ನಡಕಗಳು ಒಂದೊಂದಾಗಿ ಕೆಳಗಿಳಿದವು. ಅಂಗಳಕ್ಕೆ ಅಂಗಳವೇ ಗರ್ಭಗುಡಿಯ ಬಾಗಿಲು ತೆರೆದ ಗಳಿಗೆಯ ಹಾಗೆ ಸ್ತಬ್ಧವಾಯಿತು. ಯಾರೋ ಮಲ್ಲಿಗೆಯ ಹಾರ ತಂದು ಆ ಬೆನ್ನಿಗೆ ಹಾಕಿದರು. ಸಾಲಾಗಿ ಎಲ್ಲರೂ ತಲೆಬಾಗಿದರು. ದಯಾನಂದನೂ ನೆಲ ಮುಟ್ಟಿ ನಮಸ್ಕರಿಸಿದ.

ಹಕೀಂ ಸಾಹೇಬರು ಕಣ್ಣೊರೆಸಿಕೊಂಡು ಸಾತ್ವಿಕಾಳ ಹತ್ತಿರ ಬಂದರು. "ಮಗಾ, ಬೆಳ್ತಂಗಡಿ ಬ್ರಾಂಚ್ ನಿನ್ನದು. ಬರುವ ತಿಂಗಳಿಂದ ನೀನೇ ಮ್ಯಾನೇಜರ್."

ದಯಾನಂದ ಮುಂದೆ ಬಂದ. "ಸಾಹೇಬ್ರೇ... ಅವಳು ಮೂಡುಬಿದಿರೆಯಲ್ಲಿ, ಬೆಳ್ತಂಗಡಿಗೆ ನಾನು ಅಂತ..."

"ಹೇಳಿದ್ದೆ ಮಾರಾಯ. ಆದ್ರೆ ಹೀಗೆ ಬೆಳೆಸುವ ಕೈಯನ್ನು ಮೂಡುಬಿದಿರೆಯಿಂದ ತೆಗಿಲಿಕ್ಕೆ ಉಂಟಾ? ನೀನು ಇನ್ನೊಬ್ಬ ಸಂಕಪ್ಪಣ್ಣ! ಇನ್ನು ಜಿತೇಶನನ್ನು ಬೆಳೆಸು."

ಜಿತೇಶ್ ವಿನಯದಿಂದ ಕೈಮುಗಿದ.

ಆಗ ಒಳಗಿನಿಂದ ಸಂಕಪ್ಪಣ್ಣನ ಹೆಂಡತಿ ಸೇಸಮ್ಮ ದಯಾನಂದನನ್ನು ಕರೆಸಿದರು. ಅತ್ತು ಕೆಂಪಾದ ಕಣ್ಣುಗಳನ್ನು ಕಿಟಕಿಯಾಚೆಯ ಬ್ಯಾನರಿನಲ್ಲಿ ನೆಟ್ಟು ತಗ್ಗಿದ ದನಿಯಲ್ಲಿ ಕೇಳಿದರು, "ದಯಾ, ಆ ಶರಟಿನ ಹೆಗಲು ಹರಿದದ್ದನ್ನು ಹೊಲಿದುಕೊಟ್ಟದ್ದು ನಾನಲ್ವಾ? ಅದು ನಿನ್ನ ಬೆನ್ನು ಮಗಾ."

"ಅಕ್ಕಾ!"

"ಇವರು ಏಣಿ ಹತ್ತಿದವರೇ ಅಲ್ಲ. ಎರಡನೇ ಮೆಟ್ಟಿಲಿಗೇ ತಲೆ ತಿರುಗ್ತಿತ್ತು. ಹೇಳ್ಲಿಕ್ಕೆ ನಾಚಿಕೆ. ಅದಕ್ಕೇ ನಿಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಹತ್ತಿಸಿದ್ದು. ಒಬ್ಬ ಹೋದ್ರೆ ಇನ್ನೊಬ್ಬ ಬೇಕಲ್ಲ?" ಅಳುವಿನ ನಡುವೆ ಸೇಸಮ್ಮನಿಗೆ ಸಣ್ಣ ನಗು ಬಂತು.

ದಯಾನಂದ ಮೊಬೈಲಿನಲ್ಲಿ ಮೂಲ ಫೋಟೊ ತೆರೆದ. ಸಾತ್ವಿಕಾ ಕತ್ತರಿಸಿದ್ದ ಕೆಳಗಿನ ಅಂಚಿನಲ್ಲಿ, ಏಣಿಯ ಬುಡವನ್ನು ಬಿಗಿಯಾಗಿ ಹಿಡಿದ ಎರಡು ಕೈಗಳಿದ್ದವು. ಬರಿಯ ಕೈಗಳು. ಅವು ಹಿಡಿದಿರುತ್ತವೆ ಎಂಬ ಧೈರ್ಯದಲ್ಲಿ ಅವನು ಎಷ್ಟೊಂದು ಏಣಿಗಳನ್ನು ಹತ್ತಿದ್ದ! ಒಮ್ಮೆಯೂ ಅವು ಸಡಿಲಾಗಿರಲಿಲ್ಲ. ತಲೆ ತಿರುಗುವ ಒಬ್ಬ ಮನುಷ್ಯನಿಂದ ದೇವರು ಎಷ್ಟು ಜನರನ್ನು ಮೇಲೆ ಹತ್ತಿಸಿಬಿಟ್ಟ! ವೇಣೂರು ಬಸ್ಸಿಗೆ ಬೇಸತ್ತ ಇನ್ನೊಬ್ಬನಿಂದ ಈ ಹೆಣ್ಣುಮಗಳನ್ನೂ.

"ಹೊರಗೆ ಹೇಳುವುದಾ ಅಕ್ಕ?"

"ಬೇಡ. ಆ ಹುಡುಗಿ ಈಗಷ್ಟೇ ಹತ್ತಿದ್ದಾಳೆ. ಏಣಿ ಅಲ್ಲಾಡಿಸಬೇಡ."

ದಯಾನಂದ ಹೊರಗೆ ಬಂದ. ಜನ ಇನ್ನೂ ಸಾಲಾಗಿ ಅವನ ಬೆನ್ನಿಗೆ ಕೈಮುಗಿಯುತ್ತಿದ್ದರು. ಅವನ ನಿಜವಾದ ಬೆನ್ನು ನಾಳೆಯ ಬಸ್ಸನ್ನು ನೆನೆದು ಆಗಲೇ ನೋಯತೊಡಗಿತ್ತು. ಅವನು ಪೊಳಲಿಯ ದೇವಸ್ಥಾನದ ದಿಕ್ಕಿಗೆ ತಿರುಗಿ ಕಣ್ಣು ಮುಚ್ಚಿದ.

"ತಾಯೇ ರಾಜರಾಜೇಶ್ವರೀ, ಆ ಜೀವಕ್ಕೆ ಶಾಂತಿ ಕೊಡು. ನಿನ್ನ ಲೋಕ ಬಹಳ ಎತ್ತರದಲ್ಲಿದೆಯಂತೆ. ಅವರಿಗೆ ತಲೆ ತಿರುಗದಿರಲಿ. ಈ ಒಂದು ಸಲ ಕೆಳಗಿನಿಂದ ಏಣಿಯನ್ನು ನೀನೇ ಹಿಡಿದುಕೋ."