ಹುಣಸೆಹಣ್ಣು ಕಂಡ ಫಿಲ್ಟರು

ಜಗತ್ತಿನಲ್ಲಿ ಡಬ್ಬಿಯೊಳಗಿನ ಸರಕು ಮಾರಿ ಬದುಕುವವರೇ ಹೆಚ್ಚು. ನಾನು ಮಾತ್ರ ಖಾಲಿ ಡಬ್ಬಿಯನ್ನು ನಂಬಿ ಸಂಸಾರ ಹೂಡಿದವನು. ಎಪ್ಪತ್ತರ ದಶಕದ ಕೊನೆಯಲ್ಲಿ ಬಳ್ಳಾರಿಯ ಒಂದು ಕಾಲೇಜಿನಲ್ಲಿ ಮೈಕ್ರೋವೇವ್ ತರಂಗಗಳ ಪಾಠ ಹೇಳುವ ತಾತ್ಕಾಲಿಕ ಮೇಷ್ಟ್ರಾಗಿದ್ದೆ. ಆಗ ನಾನೇ ಕೈಯಾರೆ ಮಾಡಿದ್ದು ಅಂಗೈಯಗಲದ ಒಂದು ಹಿತ್ತಾಳೆ ಫಿಲ್ಟರು. ಒಳಗೆ ನಾಲ್ಕು ಖಾಲಿ ಕೋಣೆ, ಮೇಲೆ ಕೋಣೆಗೊಂದು ಸ್ಕ್ರೂ. ಬಾಗಿಲಿಗೆ ಎಷ್ಟು ತರಂಗಗಳು ಬಂದರೂ ನಮಗೆ ಬೇಕಾದ ಒಂದನ್ನಷ್ಟೇ ಅದು ಆಚೆ ದಾಟಿಸಬೇಕು. ಸ್ಕ್ರೂ ಕೂದಲೆಳೆಯಷ್ಟು ಅಲುಗಿದರೂ ಆಟ ಕೆಟ್ಟಂತೆ. ಹನ್ನೆರಡು ದಿನ ತಿಣುಕಿ ಅವನ್ನು ಹದಕ್ಕೆ ತಂದಿದ್ದೆ. ದಸರೆ ಮುಗಿದ ಮರುದಿನ ಬೆಂಗಳೂರಿನ ತಜ್ಞರೊಬ್ಬರು ಬಂದು ಅದನ್ನು ಪರೀಕ್ಷಿಸುವವರಿದ್ದರು. ಅವರು ತಲೆದೂಗಿದರೆ ನನ್ನ ನೌಕರಿ ಖಾಯಂ, ಇಲ್ಲದಿದ್ದರೆ ಮಾವನ ಮನೆಯ ದಾರಿ.

ನಮ್ಮ ಪ್ರಯೋಗಾಲಯದ ಅಟೆಂಡರ್ ಕುರುಗೋಡಿನ ದೊಡ್ಡಬಸಪ್ಪ ನನಗಿಂತ ಇಪ್ಪತ್ತು ವರ್ಷ ಹಿರಿಯ, ನಿಷ್ಠೆಯಲ್ಲಿ ಇನ್ನೂ ಹಿರಿಯ. ಆಯುಧಪೂಜೆಯ ಬೆಳಿಗ್ಗೆ ಹೋಗಿ ನೋಡುತ್ತೇನೆ, ಮೀಟರುಗಳ ಸಾಲಿನಲ್ಲಿ ನನ್ನ ಫಿಲ್ಟರು ಮೂರು ಬೆರಳ ವಿಭೂತಿ ಬಳಿದುಕೊಂಡು, ಚೆಂಡುಹೂವಿನ ನಡುವೆ ಬಂಗಾರದಂತೆ ಹೊಳೆಯುತ್ತಿದೆ. ಮುಚ್ಚಳ ಬಿಚ್ಚಿ, ಹುಣಸೆಹಣ್ಣು, ಬೂದಿ ಹಾಕಿ ಒಳಗೂ ಹೊರಗೂ ತಿಕ್ಕಿದ್ದ. ಸ್ಕ್ರೂಗಳನ್ನು ನೋಡಿದೆ, ನಾಲ್ಕೂ ತಳದವರೆಗೆ ಬಿಗಿದು ಕೂತಿದ್ದವು.

“ಎಲ್ಲಾ ಸಡ್ಲ ಆಗಿದ್ವು ಸಾರ್. ಹಂಗ ಬಿಟ್ರ ಬಂದೋರು ಏನಂತಾರ? ಬಿಗಿ ಮಾಡೀನ್ರಿ,” ಎಂದ.

ಬೈಯಲು ಬಾಯಿ ತೆರೆಯುವಷ್ಟರಲ್ಲಿ ಪ್ರಸಾದದ ಮಂಡಕ್ಕಿ ಕೈಗೆ ಬಂತು. ಅದನ್ನು ಅಗಿದು ಮುಗಿಸುವ ಹೊತ್ತಿಗೆ ಸಿಟ್ಟು ಇಳಿದು ಭಯ ಏರಿತ್ತು. ತಾನು ಮಾಡಿದ್ದೇನೆಂದು ತಿಳಿದ ದೊಡ್ಡಬಸಪ್ಪ ಊರಿನ ಬಸ್ಸು ಬಿಟ್ಟು ನನ್ನ ಜೊತೆ ಕೂತ. ಆದರೆ ಪೂಜೆಯಾದ ಆಯುಧವನ್ನು ಆ ದಿನ ಮುಟ್ಟಬಾರದೆಂದು ಅವನ ತಕರಾರು. ಮತ್ತೊಮ್ಮೆ ಕರ್ಪೂರ ಹಚ್ಚಿ, ಇಬ್ಬರೂ ಕ್ಷಮೆ ಕೇಳಿದ ಮೇಲೆಯೇ ಸ್ಕ್ರೂಡ್ರೈವರಿಗೆ ಕೈ ಹಾಕಿದ. ನಾನು ಮೀಟರ್ ನೋಡುತ್ತ ಒಂಚೂರು ಬಲಕ್ಕೆ, ಒಂಚೂರು ಎಡಕ್ಕೆ ಎನ್ನುವುದು, ಅವನು ತಿರುಗಿಸುವುದು. ಸಂಜೆಯಾಗುವಷ್ಟರಲ್ಲಿ ಮುಳ್ಳು ನಾನು ಎಂದೂ ಕಾಣದ ಎತ್ತರಕ್ಕೆ ಏರಿ ನಿಂತಿತು. ಹನ್ನೆರಡು ದಿನ ನನ್ನ ಓದಿಗೆ ಕಾಣಿಸದೆ ತರಂಗವನ್ನು ನುಂಗುತ್ತಿದ್ದ ಒಳಗಿನ ಕಿಲುಬು ಅವನ ಹುಣಸೆಹಣ್ಣಿಗೆ ಕಂಡಿತ್ತು. ಅವನನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು ನನಗೆ.

ತಜ್ಞರು ಅಳೆದರು, ತಲೆದೂಗಿದರು. ಒಳಮೈ ಇಷ್ಟು ಚೊಕ್ಕಟವಾದದ್ದು ಹೇಗೆ ಎಂದು ಕೇಳಿದಾಗ ನಾನು ದೊಡ್ಡಬಸಪ್ಪನ ಕಡೆ ನೋಡದೆ, ಸೌಮ್ಯ ಆಮ್ಲದ ಒಂದು ಸಂಸ್ಕರಣೆ ಎಂದುಬಿಟ್ಟೆ. ನೌಕರಿ ಗಟ್ಟಿಯಾಯಿತು. ಹೊರಡುವಾಗ ಅವರು, ಬರುವ ತಿಂಗಳು ಬೆಂಗಳೂರಿಗೆ ಬಂದು ಆ ಸಂಸ್ಕರಣೆಯನ್ನು ನೀವೇ ಮಾಡಿ ತೋರಿಸಬೇಕು ಎಂದರು.

ನಾಚಿಕೆ ಬಿಟ್ಟು ದೊಡ್ಡಬಸಪ್ಪನ ಮುಂದೆ ಶಿಷ್ಯನಾಗಿ ನಿಂತೆ. “ಹುಣಸಿಹಣ್ಣಿಂದೇನೈತಿ ಸಾರ್, ಯಾರ ಬೇಕಾದ್ರೂ ತರ್ತಾರ. ಕೈ ಪಳಗಬೇಕ್ರಿ,” ಎಂದ. ಕೈ ಪಳಗಿಸಲು ತಿಂಗಳಿಡೀ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಮನೆಯ ಹಿತ್ತಾಳೆ ಪಾತ್ರೆಗಳನ್ನೆಲ್ಲ ತಿಕ್ಕಿದೆ. ಹೆಂಡತಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಮತ್ತೆ ನನ್ನ ಮುಂದಿಡುತ್ತಿದ್ದಳು. ಹೊರಡುವ ಮುನ್ನಾದಿನ ತೀರ್ಪು ಕೊಟ್ಟಳು: “ದೊಡ್ಡಬಸಪ್ಪನ್ನ ಕರ್ಕೊಂಡು ಹೋಗ್ರಿ. ನೀವಿನ್ನಾ ಕಲಿಯೋದೈತಿ.”

ಕರೆದುಕೊಂಡು ಹೋದೆ. ಬೆಂಗಳೂರಿನ ಆ ದೊಡ್ಡ ಪ್ರಯೋಗಾಲಯದಲ್ಲಿ ಎಲ್ಲರೆದುರು ದೊಡ್ಡಬಸಪ್ಪ ತೋಳು ಮಡಚಿ ತಿಕ್ಕಿದ. ಪಕ್ಕದಲ್ಲಿ ನಿಂತು ಚೊಂಬಿನಿಂದ ನೀರು ಹಾಕಿದವನು ನಾನು.