ಮೂರು ತುತ್ತಿಗೆ ಮೂರು ತಟ್ಟೆ

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ಹೋಟೆಲಿನ ಊಟದ ವಿಚಾರದಲ್ಲಿ ನನ್ನ ನಾದಿನಿಗಿಂತ ದೊಡ್ಡ ಪಂಡಿತೆ ಈ ಬೆಂಗಳೂರಿನಲ್ಲಿ ಇಲ್ಲ ಎಂದು ಯಾರ ಎದುರಿಗೆ ಬೇಕಾದರೂ ಹೇಳುತ್ತೇನೆ. ಉಂಡು ಪಂಡಿತೆಯಾದವಳಲ್ಲ. ಎಂಜಲು ನೋಡಿ ಆದವಳು!

ನಾದಿನಿ ಅಂದರೆ ನನ್ನ ಗಂಡನ ತಂಗಿ. ಇಂದಿರಾನಗರದ ಒಂದು ದೊಡ್ಡ ಹೋಟೆಲಿನ ಹಿಂಭಾಗದಲ್ಲಿ ಇಪ್ಪತ್ತೆರಡು ವರ್ಷ ತಟ್ಟೆ ತೊಳೆದವಳು. ಮಂಡಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟು, ದೊಮ್ಮಲೂರಿನ ನನ್ನ ಬಾಡಿಗೆ ಕೋಣೆಗೆ ಬಂದು ಸೇರಿಕೊಂಡಳು. ಅಡುಗೆಯನ್ನು ಬಾಯಲ್ಲಿಟ್ಟು ನೋಡುವವರು ದಡ್ಡರು ಎಂಬುದು ಅವಳ ವಾದ. ತಟ್ಟೆಯಲ್ಲಿ ಏನು ವಾಪಸು ಬಂತು ಎಂದು ನೋಡಬೇಕಂತೆ. ಮೂಳೆ ಬೆಳ್ಳಗೆ ಬಂದರೆ ಮಾಂಸ ಬೆಂದಿದೆ. ಗೊಜ್ಜು ಹಾಗೇ ಬಂದರೆ ಹುಳಿ ಜಾಸ್ತಿ. ತಟ್ಟೆಯ ಮೇಲೆ ಕಾಗದ ಮುಚ್ಚಿ ಬಂದರೆ ತಿಂದವರಿಗೆ ನಾಚಿಕೆಯಾಗಿದೆ, ಅಡುಗೆಯವನಿಗೂ ಆಗಬೇಕು.

ಹಲಸೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆವು. ಎಲ್ಲರೂ ಹೆಣ್ಣು ಗಂಡು ನೋಡಲು ಹೋದರೆ ಇವಳು ಛತ್ರದ ಹಿಂದೆ ಎಂಜಲೆಲೆ ನೋಡಲು ಹೋದಳು. ಬಂದವಳೇ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ, "ಅತ್ಗೆ, ಪಾಯಸ ಮುಟ್ಬೇಡಿ, ತಳ ಹತ್ತೈತೆ" ಎಂದಳು. ಹೆಣ್ಣಿನ ತಂದೆ ಅಲ್ಲೇ ನಿಂತಿದ್ದ. ಸಿಟ್ಟಿನಿಂದ ಒಂದು ಲೋಟ ತರಿಸಿ ಕುಡಿದ. ಕುಡಿದು, ಅಡುಗೆಯವನನ್ನು ಹುಡುಕಿಕೊಂಡು ಹೋದ. ಆ ಮನೆಯವರು ಆಮೇಲೆ ಮೂರು ಮದುವೆ ಮಾಡಿದರು. ನಮಗೆ ಒಂದಕ್ಕೂ ಪತ್ರಿಕೆ ಬರಲಿಲ್ಲ.

ಒಂದು ದಿನ ನಮ್ಮ ಮನೆ ಓನರ್ ಮಗಳು ಫೋನು ಹಿಡಿದುಕೊಂಡು ಬಂದಳು.

"ಅಜ್ಜಿ, ರೆಸ್ಟೋರೆಂಟ್ ವೀಕ್ ಅಂತೆ. ಒಂದು ವಾರ ದೊಡ್ಡ ದೊಡ್ಡ ಹೋಟೆಲಲ್ಲೆಲ್ಲ ಅರ್ಧ ರೇಟಿಗೆ ಊಟ. ಮೂರು ಐಟಂ ಕೊಡ್ತಾರೆ."

ನಾದಿನಿ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು, "ನಮ್ ಹೋಟ್ಲು ಐತಾ ನೋಡವ್ವ" ಎಂದಳು. ಇತ್ತು.

ನನ್ನ ಕಡೆ ತಿರುಗಿ ಹೇಳಿದಳು: "ಅತ್ಗೆ, ಇಪ್ಪತ್ತೆರಡು ವರ್ಷ ಹಿಂದ್ಗಡೆ ಗಲ್ಲಿಯಿಂದ್ಲೇ ಹೋಗಿ ಬಂದೆ. ಒಂದೇ ಒಂದು ಸಲ ಮುಂದಿನ ಬಾಗ್ಲಲ್ಲಿ ಹೋಗಿ, ಕುರ್ಚಿ ಮೇಲೆ ಕೂತು, ಉಂಡು ಬರ್ಬೇಕು. ಪೂರಾ ಊಟ. ಮಧ್ಯ ಏಳಬಾರ್ದು."

ಅದರಲ್ಲೇನು ಕಷ್ಟ ಎಂದು ನಾನು ಕೇಳಿದೆ. ಕಷ್ಟ ಎಷ್ಟು ಎಂದು ನನಗೇನು ಗೊತ್ತಿತ್ತು?

"ಸೀದಾ ಅಲ್ಲಿಗೇ ಹೋಗಿ ಮಾನ ಕಳ್ಕೊಳೋದು ಬೇಡ. ಮೊದ್ಲು ಬೇರೆ ಕಡೆ ಕಳ್ಕೊಂಡು ಬರಾಣ" ಎಂದಳು. ಅಭ್ಯಾಸಕ್ಕೆಂದು ಕಾಕ್ಸ್ ಟೌನಿನ ಒಂದು ಹೋಟೆಲು ಗೊತ್ತುಮಾಡಿದೆವು.

ಅಲ್ಲಿ ಬಂದ ತಟ್ಟೆ ಮೊರದಷ್ಟಿತ್ತು. ಅದರ ನಡುವೆ ಊಟ, ಹಣೆಗೆ ಕುಂಕುಮ ಇಟ್ಟಷ್ಟು. ನಾನು ಸೊಪ್ಪು ಮಾರಿ ಬದುಕಿದವಳು. ಕಂತೆ ಸಣ್ಣದು ಕಟ್ಟಿ ರೇಟು ಇಳಿಸಿದೆ ಎನ್ನುವ ವ್ಯಾಪಾರವನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅರ್ಧ ರೇಟು ನಿಜ, ಊಟ ಕಾಲು. ಹೊಟ್ಟೆ ತುಂಬಬೇಕು ಎನ್ನುವವರು ಈ ವಾರ ಮನೆಯಲ್ಲೇ ಇರುವುದು ಒಳ್ಳೆಯದು. ಕುರ್ಚಿ ಮೆತ್ತಗಿತ್ತು, ತಣ್ಣಗೆ ಗಾಳಿ ಬರುತ್ತಿತ್ತು. ಅದಕ್ಕೆ ದುಡ್ಡು ಕೊಟ್ಟೆವು ಎಂದುಕೊಂಡರೆ ಮೋಸವಿಲ್ಲ.

ಎರಡನೆಯ ಐಟಂ ಮುಗಿದದ್ದೇ ತಡ, ನಾದಿನಿ ಎದ್ದಳು. ನಮ್ಮ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು. ಪಕ್ಕದ ಮೇಜಿನವರ ತಟ್ಟೆಯನ್ನೂ ಪೇರಿಸಿದಳು. ಅವರಿನ್ನೂ ತಿನ್ನುತ್ತಿದ್ದರು! ಸೊಂಟದಿಂದ ಬಾಗಿಲು ತಳ್ಳಿಕೊಂಡು ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಹಿಂದೆಯೇ ಮ್ಯಾನೇಜರು ಬಂದ. ಬೈಯುತ್ತಾನೆ ಎಂದು ನಾನು ಚಪ್ಪಲಿ ಹುಡುಕುತ್ತಿದ್ದೆ. ಅವನು ಕೈಕಟ್ಟಿ ನಿಂತು, "ಅಮ್ಮಾ, ಯಾವಾಗಿಂದ ಕೆಲ್ಸಕ್ಕೆ ಬರ್ತೀರಾ?" ಎಂದು ಕೇಳಿದ.

ಬಿಲ್ಲು ಕೊಡಲಾಗದವರು ಪಾತ್ರೆ ತೊಳೆದು ಹೋದ ಕಥೆ ಕೇಳಿದ್ದೆ. ಬಿಲ್ಲು ಕೊಟ್ಟು ಪಾತ್ರೆಯನ್ನೂ ತೊಳೆದವರು ನಾವೇ ಇರಬೇಕು.

"ನಾನು ಏನೂ ಮಾಡ್ಲಿಲ್ಲ ಅತ್ಗೆ, ಕಾಲು ತಾನೇ ಹೋಯ್ತು" ಎಂದು ಬಸ್ಸಿನಲ್ಲಿ ಹೇಳಿದಳು.

"ನಾಳಿದ್ದು ಕಾಲು ಹೋದ್ರೆ ಮುರೀತೀನಿ" ಎಂದೆ.

ಒಂದು ದಿನ ಬಿಟ್ಟು ಅವಳ ಹೋಟೆಲಿಗೆ ಹೋದೆವು. ರೇಷ್ಮೆ ಸೀರೆ ಉಟ್ಟಿದ್ದಳು. ಮುಂದಿನ ಬಾಗಿಲಲ್ಲಿ ನಿಂತವನು ಸಲಾಮು ಹೊಡೆದ. ಇವಳೂ ಹೊಡೆದಳು. ಕಿಟಕಿಯ ಹತ್ತಿರ ಒಳ್ಳೆಯ ಮೇಜು ಖಾಲಿಯಿತ್ತು. ಇವಳು ಒಪ್ಪಲಿಲ್ಲ. ತಟ್ಟೆ ಒಳಗೆ ಹೋಗುವ ಕಿಂಡಿಯ ಪಕ್ಕದ ಮೇಜೇ ಬೇಕು ಎಂದು ಹಟ ಹಿಡಿದು ಕೂತಳು. ಅಲ್ಲೇ ಕೂತಿದ್ದು ತಪ್ಪಾಯಿತು.

ಹೋಟೆಲು ತುಂಬಿ ಹೋಗಿತ್ತು. ಕಿಂಡಿಯೊಳಗಿಂದ ತಟ್ಟೆ ತೊಳೆಯುವ ಸದ್ದು ಬರುತ್ತಲೇ ಇತ್ತು. ನಾದಿನಿ ಮುಖ ಆ ಕಡೆಗೇ ತಿರುಗಿಸಿ, ತಲೆ ಓರೆ ಮಾಡಿ ಕೇಳಿಸಿಕೊಂಡಳು.

"ಒಳ್ಗೆ ಒಬ್ಳೇ ಅವ್ಳೆ" ಎಂದಳು.

"ನಿನಗೆ ಹೆಂಗೆ ಗೊತ್ತು?"

"ಇಬ್ರು ಇದ್ರೆ ಸದ್ದು ಎರಡು ಥರ ಬರ್ತೈತೆ. ಕೈ ನಿಲ್ತಾನೇ ಇಲ್ಲ ಅವ್ಳದ್ದು. ಅತ್ಗೆ, ಒಬ್ಬೊಬ್ರಿಗೆ ಮೂರ್ಮೂರು ತಟ್ಟೆ! ಮೂರು ತುತ್ತಿಗೆ ಮೂರು ತಟ್ಟೆ! ರೇಟು ಕಮ್ಮಿ ಅಂತ ಜನ ಡಬ್ಬಲ್ಲು. ಈ ವಾರ ಅವ್ಳ ಕೈ ಏನಾಗ್ಬೇಕು?"

ಹೇಳುತ್ತ ಹೇಳುತ್ತ ಕುರ್ಚಿಯ ತುದಿಗೆ ಬಂದಿದ್ದಳು. ನಾನು ಅವಳ ಸೆರಗಿನ ಚುಂಗನ್ನು ನನ್ನ ತೊಡೆಯ ಕೆಳಗೆ ಹಾಕಿಕೊಂಡು ಗಟ್ಟಿಯಾಗಿ ಕೂತೆ.

"ಎದ್ರೆ ಸೀರೆ ಹರಿಯುತ್ತೆ. ಇಪ್ಪತ್ತೆರಡು ವರ್ಷ ಆಸೆಪಟ್ಟು ಬಂದಿದೀಯ. ಕೂತ್ಕೋ."

ಕೂತಳು. ಊಟ ತರುವವನು ಬಂದ. ಇವಳು ಅವನನ್ನು ಕೇಳಿದಳು: "ಅಣ್ಣಾ, ನನ್ ಮೂರೂ ಐಟಂನ ಒಂದೇ ತಟ್ಟೆಗೆ ಹಾಕ್ಕೊಂಡು ಬಂದ್ಬಿಡಪ್ಪ."

"ಹಂಗೆ ಕೊಡಕ್ಕಾಗಲ್ಲಮ್ಮ. ಒಂದಾದ್ಮೇಲೆ ಒಂದು ಬರುತ್ತೆ. ಸ್ವೀಟು, ಖಾರ ಎಲ್ಲ ಬೆರೆತೋಗುತ್ತೆ."

"ಒಳಗೋದ್ಮೇಲೆ ಬೆರೆಯೋದೇ ಅಲ್ವೇನಣ್ಣ?"

"ನೋಡಕ್ಕೆ ಚೆನ್ನಾಗಿರಲ್ಲ ಅಮ್ಮ."

"ನಾನು ನೋಡಕ್ ಬಂದಿಲ್ಲ."

ಅವನು ನನ್ನ ಮುಖ ನೋಡಿದ. "ನಂದೂ ಹಂಗೇ ತಗೊಂಡ್ಬಾ" ಎಂದೆ. ಅದು ಯಾಕೆ ಹಾಗಂದೆನೋ ಗೊತ್ತಿಲ್ಲ. ನನಗೆ ಸಿಹಿಗೆ ಖಾರ ತಾಗಿದರೆ ಆಗುವುದಿಲ್ಲ.

ತಂದುಕೊಟ್ಟ. ಚಾಕಲೇಟು ಕೇಕಿನ ಬುಡಕ್ಕೆ ಪನೀರಿನ ಮಸಾಲೆ ಹರಿದಿತ್ತು. ಸುತ್ತಲಿನವರು ನೋಡಿದರು. ನಾದಿನಿ ಯಾರನ್ನೂ ನೋಡದೆ, ಬೆನ್ನು ನೆಟ್ಟಗೆ ಮಾಡಿಕೊಂಡು, ನಿಧಾನವಾಗಿ ಒಂದಗಳೂ ಬಿಡದೆ ಉಂಡಳು. ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿ ಅದನ್ನೂ ತಿಂದಳು. ಹೇಗಿತ್ತು ಎಂದು ಕೇಳಿದೆ.

"ಉಪ್ಪು ಮುಂದು. ಆದ್ರೂ ವಾಪಸ್ ಕಳ್ಸೋ ಹಂಗಿಲ್ಲ."

ಅವನು ತಟ್ಟೆ ಎತ್ತಲು ಬಂದ. ಅವಳ ಎರಡು ಕೈಯೂ ಮೇಜಿನ ಮೇಲಿಂದ ಎದ್ದವು. ಮತ್ತೆ ಮಡಿಲಿಗಿಳಿದವು. ಒಂದನ್ನೊಂದು ಹಿಡಿದುಕೊಂಡವು. ಉಗುರಿನ ಸಂದಿಯೆಲ್ಲ ಸೋಪಿನ ನೀರಿಗೆ ಸವೆದುಹೋದ ಕೈ. ಅಷ್ಟು ದಿನ ಒಂದೇ ಕೋಣೆಯಲ್ಲಿದ್ದೂ ನಾನು ಅದನ್ನು ಅವತ್ತೇ ನೋಡಿದ್ದು. ಅವಳು ಉಂಡ ತಟ್ಟೆಯನ್ನು ಬೇರೊಬ್ಬರು ಎತ್ತಿಕೊಂಡು ಹೋದರು. ಅವಳು ಕೂತೇ ಇದ್ದಳು.

ಮಾರನೆಯ ದಿನ ಬೆಳಿಗ್ಗೆ ಟೀ ಕುಡಿದು, ಅವಳು ಲೋಟ ಹಿಡಿದು ಏಳಹೊರಟಳು. ಕೂತ್ಕೋ ಎಂದು ಗದರಿ, ಲೋಟ ಕಿತ್ತುಕೊಂಡು ಹೋಗಿ, ನಾನೇ ತೊಳೆದು ಬೋರಲು ಹಾಕಿದೆ.