ಗೋಡೆಯ ಮೇಲಿನ ಪಾತ್ರ

ಧ್ವನಿಯಿಂದ ಹೆಸರು ಮಾಡಿದವನು ಜನರಿಗೆ ಮುಖ ತೋರಿಸಬಾರದು. ಇದು ನಾನು ಬಹಳ ತಡವಾಗಿ ಕಲಿತ ಪಾಠ. ಒಂದು ಕಾಲದಲ್ಲಿ ರೇಡಿಯೊದಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ‘ರುದ್ರಪ್ಪನ ಮನ್ಯಾಗ’ ಎಂಬ ನಗೆನಾಟಕದಲ್ಲಿ ಮನೆಯ ಯಜಮಾನ ರುದ್ರಪ್ಪ ನಾನೇ. ಬನಹಟ್ಟಿಯ ಸಾಲೆಯಲ್ಲಿ ಮಾಸ್ತರಿಕೆ, ನಡುವೆ ರಜೆ ಹಾಕಿ ಬಸ್ಸು ಹಿಡಿದು ಹೋಗಿ ರೆಕಾರ್ಡಿಂಗು. ಸಾಬೂನು ಕಾಣದಿದ್ದರೆ ಮನೆ ತಲೆಯ ಮೇಲೆ ಹೊತ್ತುಕೊಳ್ಳುವ, ಹೆಂಡತಿ ಒಮ್ಮೆ ಕೆಮ್ಮಿದರೆ ಮೆತ್ತಗಾಗುವ ಆ ರುದ್ರಪ್ಪನನ್ನು ಕೇಳಲು ನಮ್ಮೂರಿನ ಶೆಡ್ಡುಗಳಲ್ಲಿ ಕರೆಂಟಿನ ಮಗ್ಗಗಳನ್ನೇ ನಿಲ್ಲಿಸುತ್ತಿದ್ದರಂತೆ. ಆ ಹೊತ್ತಿಗೆ ಕರೆಂಟೇ ಇರುತ್ತಿರಲಿಲ್ಲ ಎನ್ನುವವರೂ ಇದ್ದಾರೆ. ಅಂಥವರ ಮಾತಿಗೆ ನಾನು ಕಿವಿಗೊಡುವುದಿಲ್ಲ. ಒಮ್ಮೆ ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಮುಧೋಳದ ಬಸ್ಸು ಎಷ್ಟೊತ್ತಿಗೆ ಎಂದು ನಾನು ಯಾರನ್ನೋ ಕೇಳಿದ್ದಕ್ಕೆ, ಬೆಲ್ಲದ ವ್ಯಾಪಾರಿಯೊಬ್ಬರು ಧ್ವನಿ ಗುರುತಿಸಿ ಓಡಿಬಂದರು. ಬಂದವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ರುದ್ರಪ್ಪ ಅಂದ್ರ ನೀವಾ? ನಾವು ಭಾರೀ ಆಳು ಅನ್ಕೊಂಡಿದ್ವಿರೀ,” ಎಂದು ಹೇಳಿ, ಒಂದು ಕಪ್ ಚಹಾ ಕೂಡ ಕುಡಿಸದೆ ಹೊರಟುಹೋದರು.

ನಾಟಕ ನಿಂತು ಎಷ್ಟೋ ಕಾಲವಾಯಿತು. ಟೇಪುಗಳಾದರೂ ಉಳಿದಿರಬಹುದೆಂದು ಹಿಂದೊಮ್ಮೆ ವಿಚಾರಿಸಿದ್ದೆ. ಅವುಗಳ ಮೇಲೆಯೇ ಬೇರೆ ಕಾರ್ಯಕ್ರಮಗಳನ್ನು ತುಂಬಿದ್ದರು. ನನ್ನ ಧ್ವನಿಯ ಮೇಲೆ ಕಬ್ಬಿನ ಗೊಣ್ಣೆಹುಳದ ಹತೋಟಿ ಬಂದು ಕೂತಿತ್ತು. ಜೊತೆಗೆ ಪಾತ್ರ ಮಾಡಿದವರು ಒಬ್ಬೊಬ್ಬರಾಗಿ ತೀರಿಕೊಂಡರು. ಉಳಿದವನು ನಾನೊಬ್ಬ. ನಾನೂ ಹೋದರೆ ರುದ್ರಪ್ಪ ಎಂಬುವನೊಬ್ಬ ಇದ್ದ ಎನ್ನುವುದಕ್ಕೆ ಏನೂ ಉಳಿಯುವುದಿಲ್ಲವಲ್ಲ ಎಂಬ ಸಂಕಟ, ಊಟವಾದ ಮೇಲಿನ ಎದೆಯುರಿಯ ಹಾಗೆ, ದಿನಾ ಬಂದು ಹೋಗುತ್ತಿತ್ತು.

ಅಂಥದ್ದರಲ್ಲಿ ಬೆಂಗಳೂರಿನಿಂದ ಫೋನು ಬಂತು. ‘ರುದ್ರಪ್ಪನ ಮನ್ಯಾಗ’ ಸಿನಿಮಾ ಆಗುತ್ತಿದೆ, ಜಮಖಂಡಿಯ ಹಳೇ ವಾಡೆಯ ದೊಡ್ಡ ಮನೆಯೊಂದರಲ್ಲಿ ಶೂಟಿಂಗು, ನೀವು ಬರಲೇಬೇಕು ಎಂದ ನಿರ್ದೇಶಕ. ನನ್ನ ಹಳೆಯ ವಿದ್ಯಾರ್ಥಿಗಳಿಗಿಂತ ಚಿಕ್ಕ ವಯಸ್ಸು. “ನೀವೇ ಸರ್ ನಮ್ಮ ಸಿನಿಮಾದ ಆತ್ಮ,” ಎಂದ. ಆತ್ಮ ಎಂದಾಗಲೇ ನನಗೆ ತಿಳಿಯಬೇಕಿತ್ತು. ನಾನು ಕನ್ನಡಿಯ ಮುಂದೆ ನಿಂತು ಸಾಬೂನಿನ ಜಗಳವನ್ನು ಮತ್ತೆ ಬಾಯಿಪಾಠ ಮಾಡಿ, ಹೊಸ ಧೋತರ ಉಟ್ಟು ಹೋದೆ.

ಸಿನಿಮಾದಲ್ಲಿ ರುದ್ರಪ್ಪ ಸತ್ತುಹೋಗಿದ್ದ. ಕತೆ ಅವನ ಮಕ್ಕಳದು. ನನ್ನದೊಂದು ಫೋಟೊ ತೆಗೆದು, ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಿ, ಅದಕ್ಕೆ ಗಂಧದ ಹಾರ ಹಾಕಿ, ಮುಂದೆ ಊದಿನಕಡ್ಡಿ ಹಚ್ಚಿದರು. ರುದ್ರಪ್ಪನ ಹೆಂಡತಿಯಾಗಿದ್ದ ನಟಿ ಅದರ ಮುಂದೆ ನಿಂತು ಕಣ್ಣೀರು ಹಾಕುತ್ತ ಮಾತಾಡಿದರು. ನಾನು ಕುರ್ಚಿಯ ಮೇಲೆ ಕೂತು ನನ್ನ ಶ್ರಾದ್ಧವನ್ನು ನೋಡಿದೆ. “ನನಗೆ ಒಂದಾದರೂ ಮಾತು ಇಲ್ಲವೆ?” ಎಂದು ಕೇಳಿದ್ದಕ್ಕೆ ನಿರ್ದೇಶಕ ನಕ್ಕು, “ಫೋಟೊ ಹೇಗೆ ಸರ್ ಮಾತಾಡತ್ತೆ?” ಎಂದ. ಬೇಸರವಾಯಿತು. ಆದರೂ ಸತ್ತಾದರೂ ಸಿನಿಮಾದಲ್ಲಿದ್ದೇನಲ್ಲ ಎಂದು ಒಪ್ಪಿಕೊಂಡೆ. ಮನೆಯಲ್ಲಿ ನನ್ನ ಹೆಂಡತಿ ಕಸ್ತೂರಿಯ ಮುಂದೆ ಹಾರದ ಸುದ್ದಿ ಎತ್ತಲಿಲ್ಲ. “ದೊಡ್ಡ ಪಾತ್ರ. ಎಲ್ಲಾರೂ ನನಗ ಕೈ ಮುಗಿದು ಹೋಗ್ತಾರ,” ಎಂದಷ್ಟೇ ಹೇಳಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮುಂದಿನ ವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಗಲಗಲಿಯಿಂದ ಬಂದ ಕಸ್ತೂರಿಯ ತಮ್ಮ, ಟವೆಲಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕುತ್ತಿದ್ದಾನೆ. ಹಿಂದೆ ಇಬ್ಬರು ಹೆಣ್ಣುಮಕ್ಕಳು ಅಳಲು ತಯಾರಾಗಿ ನಿಂತಿದ್ದಾರೆ. ವಾಡೆಯಲ್ಲಿ ಶೂಟಿಂಗು ನೋಡಲು ಹೋಗಿದ್ದವರು ಯಾರೋ ಹಾರದ ಫೋಟೊವನ್ನು ಮೊಬೈಲಿನಲ್ಲಿ ಹಿಡಿದು ಊರೂರಿಗೆ ಕಳಿಸಿದ್ದರು. ನನ್ನನ್ನು ಕಂಡವನಿಗೆ ಸಂತೋಷವಾಗುತ್ತದೆಂದುಕೊಂಡೆ.

“ಏನ್ ಮಾಮಾ, ಇನ್ನೂ ಅದೀರಿ?” ಎಂದ.

“ಅದೇನಿ ತಮ್ಮಾ,” ಎಂದೆ.

“ಕಬ್ಬಿಗೆ ನೀರ ಬಿಡೋದ ಬಿಟ್ಟು ಗಾಡಿ ಮಾಡ್ಕೊಂಡು ಬಂದೇನ್ರೀ ನಾ! ಊರ ತುಂಬ ಹೇಳಿ ಬಂದೇನಿ. ಈಗ ಹೋಗಿ ಏನಂತ ಹೇಳ್ಲಿ?” ಎಂದು ಸಿಟ್ಟಿಗೆದ್ದ. ಬದುಕಿರುವುದಕ್ಕೆ ನಾನು ಅವನ ಕ್ಷಮೆ ಕೇಳಬೇಕಾಯಿತು.

ಅವನ ಮೊಬೈಲನ್ನು ಕಸ್ತೂರಿ ಇಸಿದುಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು. “ನಾ ಕುಂಕುಮ ಹಚ್ಕೊಂಡು ಥೇಟರಿನ್ಯಾಗ ಕುಂತು ಇದನ್ನ ನೋಡ್ಲೇನ್ರೀ? ಜೀವಂತ ಗಂಡಗ ಹಾರ ಹಾಕಿ ಊದಿನಕಡ್ಡಿ ಹಚ್ಯಾರ, ನೀವು ಎದುರಿಗೆ ಕುಂತು ಸುಮ್ನ ಇದ್ರಿ!” ಎಂದಳು. ಇದು ಬರೀ ನಟನೆ ಎಂದೆ. “ನಟನಿ ಅವರಿಗೆ. ನನಗಲ್ಲ,” ಎಂದವಳು ಅಡುಗೆ ಮಾಡಿ ನನಗೆ ಬಡಿಸಿದಳು, ತಾನು ಉಣ್ಣಲಿಲ್ಲ. ಮರುದಿನವೂ ಉಣ್ಣಲಿಲ್ಲ. ರುದ್ರಪ್ಪನಿಗೆ ಹೆಂಡತಿಯ ಕೆಮ್ಮು ಸಾಕಾಗುತ್ತಿತ್ತು. ನಾನು ಅವನಿಗಿಂತ ಸ್ವಲ್ಪ ಗಟ್ಟಿ, ಎರಡು ದಿನ ತಡೆದೆ. ಆಮೇಲೆ ನಿರ್ದೇಶಕನಿಗೆ ಫೋನು ಮಾಡಿ, ಫೋಟೊ ಇರಲಿ, ಹಾರ ಮಾತ್ರ ತೆಗೆಯಪ್ಪ ಎಂದು ಕೇಳಿಕೊಂಡೆ. “ಅದೇನ್ ಮಹಾ ಸರ್, ಕಂಪ್ಯೂಟರಲ್ಲಿ ತೆಗೆದುಬಿಡ್ತೀವಿ,” ಎಂದ. ಹೆಂಡತಿಯೂ ಉಂಡಳು, ಪಾತ್ರವೂ ಉಳಿಯಿತು ಎಂದು ಹಿಗ್ಗಿದೆ.

ಸಿನಿಮಾ ಜಮಖಂಡಿಗೆ ಬಂದಾಗ ಓಣಿಯವರನ್ನೆಲ್ಲ ಕರೆದುಕೊಂಡು ಮ್ಯಾಟಿನಿಗೆ ಹೋದೆ. ಗಲಗಲಿಯಿಂದ ಮೈದುನನೂ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ, ತನ್ನ ಮಾತು ಪೂರಾ ಸುಳ್ಳಾಗಿರಲಿಲ್ಲ ಎಂದು ಊರವರಿಗೆ ತೋರಿಸಲು. ಆ ದೃಶ್ಯ ಬಂತು. ನಟಿ ಊದಿನಕಡ್ಡಿ ಹಚ್ಚಿದರು, ತಲೆಯೆತ್ತಿದರು. ಎದುರಿಗೆ ಬರೀ ಗೋಡೆ. ಹಾರವಿಲ್ಲ, ಕಟ್ಟಿಲ್ಲ, ನಾನಿಲ್ಲ. “ಯಾಕ್ರೀ ಸುಮ್ನಾದ್ರಿ, ಸಾಬೂನು ಎಲ್ಲೈತಿ ಅಂತ ಒಮ್ಮೆ ಬೈರಿ,” ಎಂದು ಆಕೆ ಆ ಬೋಳು ಗೋಡೆಗೆ ಕೇಳಿಕೊಂಡು ಅತ್ತರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹೊರಗೆ ಹೋಗಿ ನಿರ್ದೇಶಕನಿಗೆ ಫೋನು ಹಚ್ಚಿದೆ. “ಹಾರ ಇಲ್ಲಾಂದ್ರೆ ಗೋಡೆ ಮೇಲಿರೋರು ಸತ್ತಿದ್ದಾರೆ ಅಂತ ಜನಕ್ಕೆ ಗೊತ್ತಾಗಲ್ಲ ಸರ್, ಅದಕ್ಕೇ ಪೂರ್ತಿ ತೆಗೆದ್ವಿ. ಒಂಥರಾ ಚೆನ್ನಾಗೇ ಬಂದಿದೆ ಅಲ್ವಾ?” ಎಂದ. ನನಗೆ ನಿಜವಾಗಿ ಅಳು ಬಂತು.

ಕಸ್ತೂರಿಗೆ ಸಮಾಧಾನವಾಗಿರಬೇಕು ಎಂದು ಸಿಟ್ಟಿನಿಂದಲೇ ಒಳಗೆ ಬಂದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. “ನಾ ತಪ್ಪ ಮಾಡಿದ್ನಿರೀ,” ಎಂದಳು ಮೆಲ್ಲಗೆ. “ಪಾಪ, ಆಕಿ ಗ್ವಾಡಿ ಕೂಡ ಮಾತಾಡಾಕತ್ತಾಳ. ಒಂದು ಫೋಟೊ ಆದ್ರೂ ಇರಬೇಕಿತ್ತು ಆಕಿಗೆ.”

ಮರುದಿನ ಅವಳು ಟ್ರಂಕಿನಿಂದ ನನ್ನ ಹಳೆಯ ಫೋಟೊಗಳನ್ನೆಲ್ಲ ತೆಗೆದು ಹಾಸಿಗೆಯ ಮೇಲೆ ಹರಡಿಕೊಂಡು ಕೂತಿದ್ದಳು. ಕೊನೆಗೆ ಒಂದನ್ನು ಆರಿಸಿ, ಧೂಳು ಒರೆಸಿ, ಬೆಳಕಿಗೆ ಹಿಡಿದು, “ಇದರಾಗ ಇನ್ನೇನ್ ಮಾತಾಡೇ ಬಿಡ್ತೀರಿ ಅನ್ನೂಹಂಗ ಅದೀರಿ. ನಮ್ಮ ಗ್ವಾಡಿಗೆ ಇದು ಇರ್ಲಿ,” ಎಂದು ಬೇರೆ ತೆಗೆದಿಟ್ಟಳು. ಅಂತೂ ಪಾತ್ರ ಗಟ್ಟಿಯಾಯಿತು. ಇದನ್ನು ಯಾವ ಕಂಪ್ಯೂಟರೂ ತೆಗೆಯಲಾರದು. ಮೊದಲ ಪ್ರದರ್ಶನಕ್ಕೆ ನಾನಿರುವುದಿಲ್ಲ, ಅಷ್ಟೇ.